ಏನ್ ಮಾಡ್ಲಿಕತ್ತೀರಿ? ಭೀಮಾ ತೀರದ ‘ಇಂಗ್’

ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಯೊಬ್ಬಳು ಅಫಜಲಪುರ ತಾಲ್ಲೂಕಿನ ತನ್ನ ಹಳ್ಳಿಗೆ ಸಂಜೆ ಫೋನ್ ಮಾಡಿದಳು ಅನ್ನಿ. ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

“ಯವ್ವಾ, ಏನ್ ಮಾಡ್ಲಿಕತ್ತಿ?”

“ರೊಟ್ಟಿ ಬಡೀಲಿಕತ್ತೀನಿ. ನೀ ಉಂಡಿಯೇನು?”

“ಇನ್ನಾ ಇಲ್ಲ. ಯಪ್ಪ ಎಲ್ಲಿ ಅದಾನ?”

“ಇಲ್ಲೇ ಕಟ್ಟಿ ಮ್ಯಾಲ ಕುಂತಾನ.”

“ಮುತ್ಯಾ?”

“ಮಲಕೊಂಡಾನ.”

“ಮಳಿ ಆಯ್ತೇನು?”

“ಎಲ್ಲಿ ಮಳಿ! ಮೂರು ದಿನದಿಂದ ಮ್ವಾಡ ಆಗ್ಲಿಕತ್ತದ, ಹನಿ ಬೀಳವಲ್ದು. ನೀ ಯಾವಾಗ ಬರ್ತಿ?”

“ಐತಾರ ಹೊಂಟೀನಿ.”

ಇಷ್ಟನ್ನು ಇಂಗ್ಲಿಷಿಗೆ ತಿರುಗಿಸಲು ಕುಳಿತರೆ ಒಂದೇ ಬಾಲ ಮತ್ತೆ ಮತ್ತೆ ಎದುರಾಗುತ್ತದೆ. ತಾಯಿ ಮಾಡುತ್ತಿರುವುದು ‘ಮೇಕಿಂಗ್’, ಅಪ್ಪ ಕುಳಿತಿರುವುದು ‘ಸಿಟಿಂಗ್’, ಮುತ್ಯಾ (ಅಜ್ಜ) ಮಲಗಿರುವುದು ‘ಸ್ಲೀಪಿಂಗ್’, ಮಗಳು ಐತಾರ (ಭಾನುವಾರ) ಬರುವುದು ‘ಕಮಿಂಗ್’. ಆಮ್, ಈಸ್, ಆರ್ ಮೂರರಲ್ಲಿ ಒಂದನ್ನು ಮುಂದಿಟ್ಟು, ಕ್ರಿಯೆಗೆ ಇಂಗ್ ಹಚ್ಚುವ ಈ ಕಟ್ಟೋಣವಿಲ್ಲದೆ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡುವುದು ಕಷ್ಟ. ಪಾಠದ ಪುಸ್ತಕ ಇದನ್ನು ‘ಪ್ರೆಸೆಂಟ್ ಕಂಟಿನ್ಯುಯಸ್’ ಎಂದು ಕರೆದು, ‘ಈಗ ನಡೆಯುತ್ತಿರುವ ಕ್ರಿಯೆ’ ಎಂದು ಅರ್ಥ ಬರೆಸಿ, ಹತ್ತು ಬಿಟ್ಟಸ್ಥಳ ತುಂಬಿಸಿ ಮುಂದೆ ಹೋಗುತ್ತದೆ.

ಮೇಲಿನ ಸಂಭಾಷಣೆಯ ಕನ್ನಡವನ್ನು ಇನ್ನೊಮ್ಮೆ ನೋಡಿ. ಇಂಗ್ಲಿಷ್ ಒಂದೇ ಬಾಲದಲ್ಲಿ ಮುಗಿಸಿದ್ದನ್ನು ತಾಯಿ ಮಗಳು ಮೂರು ಬೇರೆ ಬೇರೆ ಬಗೆಯಲ್ಲಿ ಹೇಳಿದ್ದಾರೆ. ಬಡೀಲಿಕತ್ತೀನಿ ಒಂದು ಬಗೆ, ಕುಂತಾನ ಮತ್ತು ಮಲಕೊಂಡಾನ ಇನ್ನೊಂದು, ಹೊಂಟೀನಿ ಮಗದೊಂದು. ಬೀಳವಲ್ದು ಎಂಬುದಂತೂ ಇಂಗ್ಲಿಷಿನ ಬೇರೆಯೇ ಮೂಲೆಗೆ ಹೋಗಿ ನಿಲ್ಲುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ಇಂಗ್ಲಿಷ್ ಕಾಲಗಳು ತಲೆಗೆ ಹತ್ತುವುದಿಲ್ಲ ಎಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ಆಗಾಗ ಕೇಳುತ್ತದೆ. ಆದರೆ ಇಂಗ್ಲಿಷ್ ಕೇಳುವ ಬಹುಪಾಲು ವ್ಯತ್ಯಾಸಗಳು ಈ ಮಕ್ಕಳ ಬಾಯಲ್ಲಿ ಆಗಲೇ ಇವೆ; ಕೆಲವು ಕಡೆ ಬೆಂಗಳೂರಿನ ಮಕ್ಕಳಿಗಿಂತ ಹೆಚ್ಚು ನಿಚ್ಚಳವಾಗಿಯೇ ಇವೆ. ಅವನ್ನು ಕರಿಹಲಗೆಯ ಹತ್ತಿರ ಕರೆದವರು ಕಡಿಮೆ.

ಹತ್ತುವುದು ಅಂದರೆ

‘ಮಾಡ್ಲಿಕತ್ತೀನಿ’ಯನ್ನು ಬಿಡಿಸಿದರೆ ‘ಮಾಡಲಿಕ್ಕೆ ಹತ್ತೀನಿ’. ಊರಿಂದ ಊರಿಗೆ, ಮನೆಯಿಂದ ಮನೆಗೆ ಇದರ ರೂಪ ಬದಲಾಗುತ್ತದೆ. ಕೆಲವರ ಬಾಯಲ್ಲಿ ಮಾಡ್ಲಾಕತ್ತೀನಿ, ಕೆಲವರಲ್ಲಿ ಮಾಡಾಕತ್ತೀನಿ, ಅವಸರವಿದ್ದವರಲ್ಲಿ ಬರೀ ಮಾಡ್ಲತ್ತೀನಿ. ಇಲ್ಲಿನ ಹತ್ತು ಮರ ಹತ್ತುವ, ಬಸ್ಸು ಹತ್ತುವ ಹತ್ತಲ್ಲ. ಬೆಂಕಿ ಹತ್ತಿತು, ಕೈಗೆ ಬಣ್ಣ ಹತ್ತಿತು ಅನ್ನುತ್ತೇವಲ್ಲ, ಆ ಹತ್ತು. ಹಳಗನ್ನಡದಲ್ಲಿ ಇದು ‘ಪತ್ತು’. ಅಂಟಿಕೊಳ್ಳುವುದು, ಹಿಡಿಯುವುದು ಎಂದರ್ಥ. ಕೆಲಸಕ್ಕೆ ಅಂಟಿಕೊಂಡವನು ಅದನ್ನು ಆರಂಭಿಸಿದವನೂ ಹೌದು, ಇನ್ನೂ ಬಿಡದವನೂ ಹೌದು. ಮೊದಲಿಗೆ ‘ಆರಂಭಿಸಿದ್ದೇನೆ’ ಎಂದಿದ್ದದ್ದು ಬಳಸುತ್ತ ಬಳಸುತ್ತ ‘ನಡೆದೇ ಇದೆ’ ಎಂಬಲ್ಲಿಗೆ ಬಂದಿದೆ.

ಇದರ ನಂಟು ಅಕ್ಕಪಕ್ಕದ ಭಾಷೆಗಳಲ್ಲೂ ಇದೆ. ಮರಾಠಿಯವರು ‘ಕರಾಯಲಾ ಲಾಗಲಾ’ ಅನ್ನುತ್ತಾರೆ, ಹಿಂದಿ–ಉರ್ದುವಿನವರು ‘ಕರ್‌ನೇ ಲಗಾ’ ಅನ್ನುತ್ತಾರೆ. ಆ ಲಗ್ ಕೂಡ ಅಂಟುವ ಲಗ್‌ ಆಗಿದೆ; ಬೆಂಕಿ ಹತ್ತುವುದಕ್ಕೂ ಅವರು ಅದೇ ಕ್ರಿಯೆ ಬಳಸುತ್ತಾರೆ. ಆಳಂದ, ಅಫಜಲಪುರ ಎರಡೂ ಮಹಾರಾಷ್ಟ್ರದ ಗಡಿಗೆ ತಾಗಿಕೊಂಡ ತಾಲ್ಲೂಕುಗಳು. ಅಮರ್ಜಾ ನದಿ ಭೀಮೆಯನ್ನು ಕೂಡುವ ದೇವಲ ಗಾಣಗಾಪುರದಲ್ಲಿ ದತ್ತನ ದರ್ಶನಕ್ಕೆ ಬರುವವರಲ್ಲಿ ಮರಾಠಿಗರೇ ಹೆಚ್ಚು. ಕಾಯಿ–ಕರ್ಪೂರ ಮಾರುವವರು ಎರಡೂ ಭಾಷೆಯಲ್ಲಿ ವ್ಯಾಪಾರ ಮಾಡುತ್ತಾರೆ. ಆಳಂದದ ಲಾಡ್ಲೆ ಮಶಾಕ ದರ್ಗಾದ ಸುತ್ತಿನ ಓಣಿಗಳಲ್ಲಿ ದಖನಿ, ತಾಂಡಾಗಳಲ್ಲಿ ಲಂಬಾಣಿ. ಯಾರಿಂದ ಯಾರಿಗೆ ಏನು ಹೋಯಿತು ಎಂದು ಗೆರೆ ಕೊರೆದು ಹೇಳುವ ಹಟ ನನಗಿಲ್ಲ. ಒಂದೇ ಸಂತೆಯಲ್ಲಿ ಶತಮಾನಗಟ್ಟಲೆ ಚೌಕಾಶಿ ಮಾಡಿದ ಭಾಷೆಗಳು ವಾಕ್ಯ ಕಟ್ಟುವ ಬಗೆಯನ್ನೂ ಕೊಟ್ಟು ತೆಗೆದುಕೊಂಡಿವೆ.

ಇಂಗ್ಲಿಷಿನ ಇಂಗ್ ಕೂಡ ಹೀಗೆಯೇ ಸಾಮಾನ್ಯ ಜನರ ಬಾಯಲ್ಲಿ ಬೆಳೆದದ್ದು. ಅದರ ಒಂದು ಬೇರು ‘ಬೇಟೆಯ ಮೇಲೆ ಇದ್ದಾನೆ’ ಎಂಬಂಥ ಮಾತಿನಲ್ಲಿದೆ. ‘ಆನ್ ಹಂಟಿಂಗ್’ ಸವೆದು ‘ಎ-ಹಂಟಿಂಗ್’ ಆಯಿತು. ಆಮೇಲೆ ಆ ‘ಎ’ಯೂ ಉದುರಿಹೋಯಿತು. ಶೇಕ್ಸ್‌ಪಿಯರ್ ಕಾಲದಲ್ಲಿ ‘ಏನು ಓದುತ್ತಿದ್ದೀರಿ’ ಎಂದು ಕೇಳಲು ಇಂಗ್ ಬೇಕೇಬೇಕು ಎಂಬ ಕಟ್ಟುಪಾಡು ಇರಲಿಲ್ಲ, ಸಾದಾ ವರ್ತಮಾನವೇ ಸಾಕಾಗುತ್ತಿತ್ತು. ಈಗಿನ ಕಟ್ಟುನಿಟ್ಟು ಗಟ್ಟಿಯಾದದ್ದು ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ. ಲಂಡನ್ನಿನವರು ಕೆಲಸದ ‘ಮೇಲೆ’ ಇದ್ದರು, ಜೇವರ್ಗಿಯವರು ಕೆಲಸಕ್ಕೆ ‘ಹತ್ತಿ’ದರು, ಮೈಸೂರಿನವರು ಮಾಡುತ್ತಾ ‘ಇದ್ದರು’.

ಉರ್ದುವಿನ ದಾರಿ, ಮೈಸೂರಿನ ದಾರಿ

ಈ ಭಾಗಕ್ಕೆ ಇಂಗ್ಲಿಷ್ ಬಂದ ದಾರಿಯನ್ನು ನೋಡಿದರೆ ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ. 1948ರ ಸೆಪ್ಟೆಂಬರ್ 17ರವರೆಗೆ ಈ ಮೂರೂ ತಾಲ್ಲೂಕುಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಶಾಲೆ, ಕಚೇರಿ, ಕೋರ್ಟು ಎಲ್ಲವೂ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಟ್ಟಿತು, ಇಂಗ್ಲಿಷನ್ನು ಕಡ್ಡಾಯ ಭಾಷೆಯಾಗಿ ಇಟ್ಟುಕೊಂಡಿತು. ಆ ಕಾಲದಲ್ಲಿ ಓದಿದ ಮುತ್ಯಾಗಳಿಗೆ ‘ಗೋಯಿಂಗ್’ ಅಂದರೆ ‘ಜಾ ರಹಾ’. ರಹಾ ಅಂದರೆ ಉಳಿದ, ಇದ್ದ. ಮನೆಯಲ್ಲಿ ಹೊಂಟೀನಿ, ಶಾಲೆಯಲ್ಲಿ ಜಾ ರಹಾ ಹೂಂ, ಅದರಾಚೆ ಐ ಆಮ್ ಗೋಯಿಂಗ್. ಇಂಗ್ಲಿಷ್ ಎರಡು ಹೊಸ್ತಿಲು ದಾಟಿ ಮನೆಗೆ ಬರಬೇಕಿತ್ತು.

1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. ಉರ್ದು ಹಿಂದೆ ಸರಿದು ಕನ್ನಡ ಬಂತು. ಹೊಸ್ತಿಲು ಒಂದು ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಪಠ್ಯಪುಸ್ತಕದ ಕನ್ನಡ ‘ತಿನ್ನುತ್ತಿದ್ದಾನೆ’ ಎಂದು ಬರೆಯುತ್ತದೆ. ಜೇವರ್ಗಿಯ ಮನೆಯಲ್ಲಿ ಯಾರೂ ಯಾರಿಗೂ ‘ತಿನ್ನುತ್ತಿದ್ದಾನೆ’ ಅನ್ನುವುದಿಲ್ಲ, ತಿನ್ಲಿಕತ್ತಾನ ಅನ್ನುತ್ತಾರೆ. ಮೇಷ್ಟ್ರು ಹಲಗೆಯ ಮೇಲೆ ‘ಹೀ ಈಸ್ ಈಟಿಂಗ್’ ಎಂದು ಬರೆದು, ಎದುರಿಗೆ ‘ಅವನು ತಿನ್ನುತ್ತಿದ್ದಾನೆ’ ಎಂದು ಬರೆದಾಗ ಮಗುವಿನ ಕಣ್ಣಿಗೆ ಬೀಳುವುದು ಎರಡು ಬರಹದ ಭಾಷೆಗಳು. ಒಂದನ್ನು ಇನ್ನೊಂದರಿಂದ ಬಿಡಿಸಿಕೊಳ್ಳಬೇಕು.

ಇಷ್ಟೇ ಆಗಿದ್ದರೆ ಅಭ್ಯಾಸದಿಂದ ಸರಿಹೋಗುತ್ತಿತ್ತು. ತೊಡಕು ಇನ್ನೊಂದು ಕಡೆ ಇದೆ. ಈ ಸೀಮೆಯ ಆಡುಮಾತಿನಲ್ಲಿ ‘ತಿಂತಿದ್ದ’ ಎಂಬ ರೂಪವಿದೆ, ಅದಕ್ಕೆ ಬೇರೆ ಕೆಲಸವಿದೆ. “ಸಣ್ಣಾಂವ ಇದ್ದಾಗ ಮಣ್ಣ ತಿಂತಿದ್ದ” ಅಂದರೆ ಆಗ ಅದು ಅವನ ರೂಢಿಯಾಗಿತ್ತು. “ನಾ ಹೋದಾಗ ರೊಟ್ಟಿ ತಿನ್ಲಿಕತ್ತಿದ್ದ” ಅಂದರೆ ನಾನು ಹೋದ ಗಳಿಗೆಯಲ್ಲಿ ಅವನ ಕೈಯಲ್ಲಿ ರೊಟ್ಟಿ ಇತ್ತು. ಇಂಗ್ಲಿಷ್ ಮೊದಲನೆಯದಕ್ಕೆ ‘ಯೂಸ್ಡ್ ಟು ಈಟ್’ ಅನ್ನುತ್ತದೆ, ಎರಡನೆಯದಕ್ಕೆ ‘ವಾಸ್ ಈಟಿಂಗ್’. ಬರಹದ ಕನ್ನಡದಲ್ಲಿ ಎರಡಕ್ಕೂ ‘ತಿನ್ನುತ್ತಿದ್ದನು’ ಒಂದೇ. ‘ಐ ವಾಸ್ ಗೋಯಿಂಗ್ ಟು ದಟ್ ಸ್ಕೂಲ್ ಫಾರ್ ಟೆನ್ ಇಯರ್ಸ್’ ಎಂದು ಹೇಳಿ ಇಂಗ್ಲಿಷ್ ಬಲ್ಲವರನ್ನು ನಗಿಸುವ ಕನ್ನಡಿಗರು ಬೆಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಭೀಮಾ ತೀರದ ಹುಡುಗನಿಗೆ ಆ ಗೊಂದಲ ಹುಟ್ಟಿನಿಂದ ಬಂದದ್ದಲ್ಲ, ಶಾಲೆಯಲ್ಲಿ ಕಲಿತದ್ದು.

ನಾಲ್ಕು ರೂಪಗಳನ್ನು ಸಾಲಾಗಿ ಇಟ್ಟು ನೋಡಿ: ತಿಂತಾನ, ತಿನ್ಲಿಕತ್ತಾನ, ತಿಂದಾನ, ತಿಂದ. ಈಟ್ಸ್, ಈಸ್ ಈಟಿಂಗ್, ಹ್ಯಾಸ್ ಈಟನ್, ಏಟ್. ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಮೊದಲನೆಯದರಲ್ಲಿ ಮಾತ್ರ ಸ್ವಲ್ಪ ಜಗಳವಿದೆ, ಏಕೆಂದರೆ ನಮ್ಮ ತಿಂತಾನ ‘ದಿನಾ ತಿಂತಾನ’ಕ್ಕೂ ‘ನಾಳಿಗಿ ತಿಂತಾನ’ಕ್ಕೂ ಒದಗುತ್ತದೆ. ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ವಾದಿಸಿದಾಗ ಇದನ್ನೂ ಎತ್ತಿದ್ದರು: ಸಂಸ್ಕೃತದಿಂದ ಎರವಲು ತಂದ ಮೂರು ಕಾಲಗಳ ಅಚ್ಚಿಗೆ ಕನ್ನಡದ ಕ್ರಿಯೆಗಳು ಹೊಂದುವುದಿಲ್ಲ. ಅವರು ಹೇಳಿದ್ದು ಕಲಬುರಗಿಯ ಕನ್ನಡಕ್ಕೆ ಇನ್ನೂ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅನಿಸಿಕೆ.

ಮೂರನೆಯ ‘ತಿಂದಾನ’ದ ಬಗ್ಗೆ ಒಂದು ಮಾತು. ಹಳೇ ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಮೇಷ್ಟ್ರಿಗೆ ಹುಡುಗನೊಬ್ಬ ಓಡಿಬಂದು “ಸರ್ರ, ಬಿಇಒ ಸಾಹೇಬ್ರು ಬಂದಾರ್ರಿ” ಎಂದರೆ ಮೇಷ್ಟ್ರು ನಿಧಾನಕ್ಕೆ ಚಹಾ ಮುಗಿಸುವ ಸಂಭವವಿದೆ. ಅವರ ಕಿವಿಗೆ ಅದು ‘ಬಂದಾರು’, ಅಂದರೆ ‘ಬಂದರೂ ಬರಬಹುದು’. ಹುಡುಗ ಹೇಳಿದ್ದು ‘ಬಂದುಬಿಟ್ಟಿದ್ದಾರೆ’. ಹ್ಯಾವ್ ಕಮ್. ಸಾಹೇಬರು ಆಗಲೇ ಗೇಟಿನೊಳಗೆ.

ಫಲಿತಾಂಶದ ಪಟ್ಟಿ ಬಂದಾಗಲೆಲ್ಲ ಈ ಜಿಲ್ಲೆ ಸುದ್ದಿಯಾಗುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಶೇ 42.43ರೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಶಿಕ್ಷಕರ ಕೊರತೆ, ವಲಸೆ, ತೊಗರಿ ರಾಶಿ ಮತ್ತು ಕಬ್ಬು ಕಡಿಯುವ ದಿನಗಳಲ್ಲಿ ತಪ್ಪುವ ಹಾಜರಿ ಎಲ್ಲವೂ ಇದರ ಹಿಂದಿವೆ. ಒಂದು ವ್ಯಾಕರಣದ ಬಾಲ ಇದನ್ನೆಲ್ಲ ಸರಿಮಾಡೀತು ಎಂದು ಹೇಳುವಷ್ಟು ಹುಂಬನಲ್ಲ ನಾನು. ಆದರೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಹತ್ತು ವರ್ಷ ಕಲಿತ ಮೇಲೂ ‘ಈಗ ಏನು ಮಾಡುತ್ತಿದ್ದೀಯ’ ಎಂಬ ಪ್ರಶ್ನೆಗೆ ಉತ್ತರ ತೊದಲುವುದಾದರೆ, ಕಲಿಸುವ ದಾರಿಯನ್ನು ಒಮ್ಮೆ ತಿರುಗಿ ನೋಡುವುದರಲ್ಲಿ ತಪ್ಪಿಲ್ಲ. ಮಕ್ಕಳ ಮನೆಮಾತು ತರಗತಿಗೆ ಬಂಡವಾಳ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಗಡಿಯಾಚೆಯ ಮರಾಠಿಗರಿಗೆ ತರ್ಖಡಕರರ ಭಾಷಾಂತರ ಪಾಠಮಾಲೆ ಅದಕ್ಕೂ ಎಷ್ಟೋ ಮೊದಲೇ ಇತ್ತು. ಇಂಗ್ಲಿಷಿನ ಒಂದೊಂದು ರೂಪಕ್ಕೂ ಮರಾಠಿಯ ಒಂದೊಂದು ರೂಪ ಜೋಡಿಸಿ ಕೊಟ್ಟ ಪುಸ್ತಕ ಅದು, ತಲೆಮಾರುಗಳು ಅದರಲ್ಲಿ ಕಲಿತವು.

ಕುಂತವರು, ಮಲಗಿದವರು, ಸೀರಿ ಉಟ್ಟವರು

ಲಿಕತ್ತ ಅಂದರೆ ಇಂಗ್ ಎಂದು ಕಣ್ಣು ಮುಚ್ಚಿ ಸಮೀಕರಣ ಬರೆದುಕೊಂಡರೆ ಸೀದಾ ಹಳ್ಳಕ್ಕೆ ಬೀಳುತ್ತೇವೆ. ಮೊದಲಿನ ಫೋನ್ ಮಾತಿನಲ್ಲಿ ಅಪ್ಪ ‘ಕುಂತಾನ’. ‘ಕೂಡ್ಲಿಕತ್ತಾನ’ ಎಂದು ತಾಯಿ ಹೇಳಿದ್ದರೆ, ಮೊಣಕಾಲು ನೋವಿನ ಮುದುಕರು ಗೋಡೆ ಹಿಡಿದು ಮೆಲ್ಲಗೆ ಕೆಳಗಿಳಿಯುವ ಚಿತ್ರ ಮಗಳ ಕಣ್ಣಿಗೆ ಬರುತ್ತಿತ್ತು. ಕೂಡುವ ಕ್ರಿಯೆ ಮುಗಿದಿದೆ, ಅದರ ಫಲವಾಗಿ ಕುಳಿತ ಸ್ಥಿತಿ ಮುಂದುವರಿದಿದೆ, ಅದಕ್ಕೇ ‘ಕುಂತಾನ’. ಮಲಕೊಂಡಾನ, ನಿಂತಾನ, ಸೀರಿ ಉಟ್ಟಾಳ, ಟೊಪ್ಪಿಗಿ ಹಾಕ್ಕೊಂಡಾನ, ಛತ್ರಿ ಹಿಡಕೊಂಡಾನ ಎಲ್ಲವೂ ಇದೇ ಗುಂಪು. ನಾವು ಕ್ರಿಯೆಯ ಮುಕ್ತಾಯವನ್ನು ಹೇಳಿ ಸ್ಥಿತಿಯನ್ನು ಸೂಚಿಸುತ್ತೇವೆ. ಇಂಗ್ಲಿಷ್ ಸ್ಥಿತಿಯನ್ನೇ ನಡೆಯುತ್ತಿರುವ ಕ್ರಿಯೆ ಎಂದು ಎಣಿಸಿ ಸಿಟಿಂಗ್, ಸ್ಲೀಪಿಂಗ್, ವೇರಿಂಗ್ ಅನ್ನುತ್ತದೆ.

‘ಶೀ ಹ್ಯಾಸ್ ವೋರ್ನ್ ಎ ರೆಡ್ ಸ್ಯಾರಿ’ ಎಂಬ ವಾಕ್ಯ ಬಂದದ್ದು ಇಲ್ಲಿಂದ. ‘ಉಟ್ಟಾಳ’ ಎಂಬುದರ ಪ್ರಾಮಾಣಿಕ ಅನುವಾದ ಅದು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದು ‘ಈಸ್ ವೇರಿಂಗ್’ ಎಂದು ತಿದ್ದುತ್ತಾರೆ, ಏಕೆ ಎಂದು ಹೇಳುವುದಿಲ್ಲ. ಹೇಳಲು ಪುಸ್ತಕದಲ್ಲಿ ಕಾರಣವೂ ಇಲ್ಲ. ಬರಹದ ಕನ್ನಡದಲ್ಲೂ ‘ಉಟ್ಟಿದ್ದಾಳೆ’ ಎಂದೇ ಇರುವುದರಿಂದ ಇದು ಕರ್ನಾಟಕಕ್ಕೆಲ್ಲ ಸೇರಿದ ತೊಡಕು. ಮೈಮೇಲೆ ಇರುವುದು, ಮೈಯ ಭಂಗಿ, ಕೈಯಲ್ಲಿ ಹಿಡಿದದ್ದು, ಈ ಮೂರರಲ್ಲಿ ಇಂಗ್ಲಿಷಿಗೆ ಇಂಗ್ ಬೇಕು, ನಮಗೆ ‘-ಆನ, -ಆಳ’ ಸಾಕು ಎಂದು ಒಂದು ಸಲ ತೋರಿಸಿದರೆ ಎಂಟನೇ ತರಗತಿಯ ಹುಡುಗಿ ಹತ್ತು ಉದಾಹರಣೆ ತಾನೇ ಕೊಡುತ್ತಾಳೆ.

‘ಮೂರು ದಿನದಿಂದ ಮ್ವಾಡ ಆಗ್ಲಿಕತ್ತದ’ ಇನ್ನೊಂದು ಹಳ್ಳ. ಆರಂಭದ ಗಳಿಗೆಯಿಂದ ಇಂದಿನವರೆಗೆ ಎಳೆದು ತರಲು ನಮಗೆ ‘ಇಂದ’ ಸಾಕು, ಕ್ರಿಯೆ ಬದಲಾಗಬೇಕಿಲ್ಲ. ಇಂಗ್ಲಿಷ್ ಮಾತ್ರ ‘ಹ್ಯಾಸ್ ಬೀನ್’ ಎಂಬ ಎರಡು ಕಂಬ ಹೆಚ್ಚಿಗೆ ಕೇಳುತ್ತದೆ, ಅವಧಿಗೆ ‘ಫಾರ್’, ಆರಂಭಕ್ಕೆ ‘ಸಿನ್ಸ್’ ಎಂದು ಭೇದವನ್ನೂ ಮಾಡುತ್ತದೆ. ‘ಐ ಆಮ್ ವೇಟಿಂಗ್ ಸಿನ್ಸ್ ತ್ರೀ ಡೇಸ್’ ಎಂದು ದೇಶಕ್ಕೆ ದೇಶವೇ ಬರೆಯುತ್ತದೆ. ಇದಕ್ಕೆ ಆಡುಮಾತಿನಿಂದ ನೆರವಿಲ್ಲ, ಕಲಿತೇ ತೀರಬೇಕು.

ಇನ್ನು ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನೋಯಿಂಗ್’. ಭಾರತೀಯ ಇಂಗ್ಲಿಷಿನ ಈ ಇಂಗ್ ಮೋಹವನ್ನು ನಿಸೀಮ್ ಎಜಕಿಯಲ್ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಕವಿತೆಯಲ್ಲಿ ಲೇವಡಿ ಮಾಡಿ ಇಡೀ ದೇಶವನ್ನು ನಗಿಸಿದರು. ಆದರೆ ಈ ಸೀಮೆಯ ಮಾತು ಕೇಳಿ: “ನನಗ ಇಬ್ಬರು ತಮ್ಮಂದಿರು ಅದಾರ.” ‘ಇರ್ಲಿಕತ್ತಾರ’ ಎಂದು ಯಾರಾದರೂ ಹೇಳುತ್ತಾರೆಯೇ? “ನನಗ ಗೊತ್ತದ” ಅನ್ನುತ್ತಾರೆ. ‘ಗೊತ್ತಾಗ್ಲಿಕತ್ತದ’ ಅಂದರೆ ಈಗೀಗ ತಿಳಿಯತೊಡಗಿದೆ, ಅದು ಬೇರೆ. ಸ್ಥಿತಿಯನ್ನು ಹೇಳುವಾಗ ಲಿಕತ್ತ ಹಚ್ಚಬಾರದು ಎಂಬ ನಿಯಮ ಇವರ ನಾಲಿಗೆಯಲ್ಲೇ ಇದೆ. ಹಾಗಿದ್ದೂ ‘ಹ್ಯಾವಿಂಗ್’ ಎಲ್ಲಿಂದ ಬರುತ್ತದೆ? ನನಗೊಂದು ಅನುಮಾನವಿದೆ. ಹಲಗೆಯ ಮೇಲೆ ‘ತಿನ್ನುತ್ತಿದ್ದಾರೆ’ಗೆ ಇಂಗ್ ಹಚ್ಚಿ ಕಲಿತ ಮಗು, ‘ತಮ್ಮಂದಿರಿದ್ದಾರೆ’ಯಲ್ಲೂ ಅದೇ ‘ಇದ್ದಾರೆ’ಯನ್ನು ಕಂಡು ಅದಕ್ಕೂ ಇಂಗ್ ಹಚ್ಚುತ್ತದೆ. ‘ತಿನ್ಲಿಕತ್ತಾರ’ ಮತ್ತು ‘ಅದಾರ’ ಎಂದು ಕಲಿಸಿದ್ದರೆ ಎರಡರ ಮುಖವೇ ಬೇರೆ. ಗೊಂದಲಕ್ಕೆ ಜಾಗ ಸಿಗುತ್ತಿರಲಿಲ್ಲ.

ಕಾಣುವ, ಕೇಳಿಸುವ ಕ್ರಿಯೆಗಳಲ್ಲಿ ಮಾತ್ರ ಆಡುಮಾತೇ ದಾರಿ ತಪ್ಪಿಸುತ್ತದೆ. ಸಿಗ್ನಲ್ ಸಿಗದ ಹೊಲದ ಬದುವಿನಲ್ಲಿ ನಿಂತು “ಹಲೋ, ಕೇಳಸ್ಲಿಕತ್ತದೇನು?” ಎಂದು ಕೂಗುವವರು ಇಂಗ್ಲಿಷಿನಲ್ಲಿ ‘ಆರ್ ಯೂ ಹಿಯರಿಂಗ್’ ಅನ್ನಬಾರದು, ‘ಕ್ಯಾನ್ ಯೂ ಹಿಯರ್’ ಅನ್ನಬೇಕು. ಇಲ್ಲಿ ನಾವು ಕೇಳಿಸುವುದನ್ನು ಘಟನೆ ಎಂದುಕೊಂಡಿದ್ದೇವೆ, ಇಂಗ್ಲಿಷಿನವರು ಶಕ್ತಿ ಎಂದುಕೊಂಡಿದ್ದಾರೆ.

ಇನ್ನು ‘ಹೊಂಟೀನಿ’. ‘ಐತಾರ ಹೊಂಟೀನಿ’ ಎಂದು ಹುಡುಗಿ ಹೇಳಿದ್ದು ಇಂದಿನ ಮಾತಲ್ಲ, ಮುಂದಿನದು. ಆದರೆ ನಿರ್ಧಾರ ಆಗಿಬಿಟ್ಟಿದೆ. ಇಂಗ್ಲಿಷೂ ಇಂಥಲ್ಲಿ ‘ವಿಲ್’ ಬಿಟ್ಟು ‘ಆಮ್ ಕಮಿಂಗ್’ ಅನ್ನುತ್ತದೆ. ಪುಣೆಗೆ ದುಡಿಯಲು ಹೊರಟವರು ಚೀಲ ಕಟ್ಟುವ ಮೊದಲೇ “ನಾಳಿಗಿ ಪುಣಾಕ ಹೊಂಟೀನ್ರಿ” ಎಂದು ಹೇಳುವ ಊರುಗಳಿವು. ಯೋಜನೆಯಾದ ಭವಿಷ್ಯಕ್ಕೆ ವರ್ತಮಾನದ ರೂಪ ಏಕೆ ಎಂದು ವಿವರಿಸಲು ವ್ಯಾಕರಣದ ಪುಸ್ತಕಗಳು ಅರ್ಧ ಪುಟ ತೆಗೆದುಕೊಳ್ಳುತ್ತವೆ. ಇಲ್ಲಿ ಒಂದು ವಾಕ್ಯ ಸಾಕು.

ಈಸ್ ಎಂಬ ತುಂಡು

ಇಂಗಿನ ಮುಂದೆ ಕೂರುವ ಆಮ್–ಈಸ್–ಆರ್ ಕನ್ನಡಿಗರಿಗೆ ತ್ರಾಸದ ವಸ್ತು ಎಂಬುದು ಎಲ್ಲರೂ ಹೇಳುವ ಮಾತು. ‘ಇದು ನಮ್ಮ ಮನೆ’ ಎಂದರೆ ಮುಗಿಯಿತು, ನಮ್ಮಲ್ಲಿ ಈಸ್ ಇಲ್ಲ. ಸರಿ. ಆದರೆ ಈ ಕಡೆಯವರು “ಇದು ನಮ್ಮ ಮನಿ ಅದ”, “ಅಂವ ಮಾಸ್ತರ ಅದಾನ” ಎಂದೂ 
ಹೇಳುತ್ತಾರೆ. ಆ ‘ಅದ’, ‘ಅದಾನ’ ಇಂಗ್ಲಿಷಿನ ಈಸ್ ಮಾಡುವ ಕೆಲಸಕ್ಕೇ ಕೂತಿವೆ.

ಇದು ಬರೀ ಚಮತ್ಕಾರವಲ್ಲ. 1971ರಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಮಾತಿನ ಬಗ್ಗೆ ಬರೆದ ಪ್ರಬಂಧ ಭಾಷಾವಿಜ್ಞಾನದಲ್ಲಿ ಜಗತ್ಪ್ರಸಿದ್ಧ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಊರಲ್ಲಿ ಬಾಳಿ, ಪದಗಳು ಬೇರೆ ಬೇರೆ ಉಳಿದರೂ ವಾಕ್ಯದ ಅಸ್ಥಿಪಂಜರ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಲ್ಲಿನ ಕನ್ನಡ ‘ಇದು ಮನೆ’ ಎಂಬ ವಾಕ್ಯಕ್ಕೆ ಮರಾಠಿಯ ‘ಆಹೇ’ಗೆ ಸಮನಾದ ಕ್ರಿಯೆಯೊಂದನ್ನು ಸೇರಿಸಿಕೊಂಡಿತ್ತು. ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಕನ್ನಡದ ಒಳನುಡಿಗಳ ವಿವರಣೆಗಳನ್ನು ಪ್ರಕಟಿಸಿದಾಗ ಗುಲ್ಬರ್ಗಾ ಕನ್ನಡಕ್ಕೂ ಒಂದು ಪುಸ್ತಕ ಮೀಸಲಾಗಿತ್ತು. ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಈ ನುಡಿ ಸಾಹಿತ್ಯದ ಮುಂಬಾಗಿಲಿಂದಲೇ ಒಳಬಂತು. ವಿದ್ವಾಂಸರಿಗೆ ಅಧ್ಯಯನಕ್ಕೆ ಬೇಕಾಯಿತು, ಅಕಾಡೆಮಿಗೆ ಬೇಕಾಯಿತು, ಇಂಗ್ಲಿಷ್ ತರಗತಿಗೆ ಮಾತ್ರ ಇನ್ನೂ ಬೇಕಾಗಿಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಇದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಅಲ್ಲಿ ಕೂತು ಸುತ್ತಲಿನ ಹತ್ತು ಶಾಲೆಗಳಿಗೆ ನಾಲ್ಕು ಪುಟದ ಕೈಪಿಡಿ ಬರೆದುಕೊಡುವುದು ದೊಡ್ಡ ಕೆಲಸವೇನಲ್ಲ.

ಇಂಗ್ ಬೇರೆ ದಾರಿಯಲ್ಲೂ ಈ ಊರುಗಳಿಗೆ ಬಂದಿದೆ, ಅದು ಶಾಲೆಯ ದಾರಿಯಲ್ಲ. ಯಾವುದೇ ತಾಲ್ಲೂಕು ಊರಿನ ಬಸ್ ನಿಲ್ದಾಣದಿಂದ ಹೊರಬಿದ್ದು ಬೋರ್ಡು ಓದುತ್ತ ಹೋಗಿ: ವೆಲ್ಡಿಂಗ್, ಮೋಟರ್ ವೈಂಡಿಂಗ್, ಟೇಲರಿಂಗ್, ವೈರಿಂಗ್, ಪೇಂಟಿಂಗ್. ಇವೆಲ್ಲ ಹೆಸರುಗಳು, ಕ್ರಿಯೆಯಲ್ಲ. ಕ್ರಿಯೆ ಬೇಕಾದಾಗ ನಮ್ಮವರು ‘ಮಾಡು’ ಹಚ್ಚಿಕೊಳ್ಳುತ್ತಾರೆ: “ವೆಲ್ಡಿಂಗ್ ಮಾಡ್ಲಿಕತ್ತಾನ.” ಇಂಗ್ಲಿಷ್ ಇಂಗೂ ಕನ್ನಡ ಇಂಗೂ ಒಂದೇ ವಾಕ್ಯದಲ್ಲಿ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಬೋರಿಂಗ್. ಈ ಭಾಗದಲ್ಲಿ ಬೋರಿಂಗ್ ಅಂದರೆ ಕೊಳವೆಬಾವಿ, ಕೈಪಂಪು. “ಬೋರಿಂಗಿಗಿ ನೀರಿಗಿ ಹೋಗ್ಯಾಳ” ಎಂಬ ಮಾತು ಕೇಳಿ ಬೆಳೆದ ಹುಡುಗನಿಗೆ, ‘ದಿಸ್ ಲೆಸನ್ ಈಸ್ ಬೋರಿಂಗ್’ ಎಂಬ ವಾಕ್ಯದಲ್ಲಿ ಪಾಠದಿಂದ ನೀರು ಬರುವ ಭರವಸೆ ಕಂಡರೆ ತಪ್ಪೇನು?

ಬರವಲ್ದು

ಫೋನ್ ಮಾತಿನಲ್ಲಿ ಉಳಿದದ್ದು ‘ಹನಿ ಬೀಳವಲ್ದು’. ಲಿಕತ್ತದ ಎದುರಿಗೆ ನಿಲ್ಲುವ ನಿಷೇಧ ಇದು. ಬೀಳ್ಲಿಕತ್ತಿಲ್ಲ ಎಂದೂ ಹೇಳಬಹುದು, ಆದರೆ ಅದು ಬರೀ ವರದಿ. ಬೀಳವಲ್ದು ಅಂದರೆ ಬೀಳಬೇಕಾದದ್ದು, ಕಾದದ್ದು, ಬೇಡಿಕೊಂಡದ್ದು, ಆದರೂ ಬೀಳಲು ಒಪ್ಪುತ್ತಿಲ್ಲ. ‘ಒಲ್ಲೆ’ ಎಂಬ ನಿರಾಕರಣೆ ಕ್ರಿಯೆಯೊಳಗೆ ಕರಗಿ ಕೂತಿದೆ. ಮಳಿ ಬರವಲ್ದು, ಕರಾ ಹಾಲು ಕುಡಿವಲ್ದು, ಗಾಡಿ ಚಾಲೂ ಆಗವಲ್ದು, ಕೂಸು ನಿದ್ದಿ ಮಾಡವಲ್ದು. ಮಳೆಗೂ ಮೋಟರ್‌ಸೈಕಲ್ಲಿಗೂ ಮನಸ್ಸಿದೆ, ಅದು ಮೊಂಡು ಹಿಡಿದಿದೆ.

ಇಂಗ್ಲಿಷಿನಲ್ಲಿ ಇದನ್ನು ಇಂಗ್‌ನಿಂದ ಹೇಳಿದರೆ ಸಪ್ಪೆ. ‘ದ ಬೈಕ್ ಈಸ್ ನಾಟ್ ಸ್ಟಾರ್ಟಿಂಗ್’ ತಪ್ಪೇನಲ್ಲ, ಆದರೆ ಇಂಗ್ಲಿಷ್ ಮನೆಮಾತಿನವರು ಅದನ್ನು ಒದ್ದು ಒದ್ದು ಬೆವರಿದಾಗ ಹೇಳುವುದು ‘ದ ಬೈಕ್ ವೋಂಟ್ ಸ್ಟಾರ್ಟ್’. ವೋಂಟ್ ಅಂದರೆ ವಿಲ್ ನಾಟ್. ವಿಲ್ ಮೊದಲಿಗೆ ಭವಿಷ್ಯದ ಗುರುತಾಗಿರಲಿಲ್ಲ, ಬಯಕೆ, ಇಚ್ಛೆ ಎಂಬ ಅರ್ಥ ಅದರದ್ದು. ಇಚ್ಛೆಯಿಲ್ಲದ ಬೈಕು, ಒಲ್ಲದ ಗಾಡಿ. ಕನ್ನಡದ ‘ಒಲ್’ ಕೂಡ ಒಪ್ಪುವುದು, ಬಯಸುವುದು. ಭೂಮಿಯ ಎರಡು ತುದಿಯ ರೈತರು ಮೊಂಡು ವಸ್ತುಗಳ ಬಗ್ಗೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಬರಹದ ಕನ್ನಡದಲ್ಲಿ ಇದಕ್ಕೆ ನೇರ ಜೊತೆಯಿಲ್ಲ. ‘ಬರುತ್ತಿಲ್ಲ’, ‘ಬರುವುದಿಲ್ಲ’ ಎರಡೂ ಆ ಸಿಟ್ಟನ್ನೂ ಆ ಕಾಯುವಿಕೆಯನ್ನೂ ಹೊರಲಾರವು. ಹಾಗಾಗಿ ವೋಂಟ್ ಪಠ್ಯಪುಸ್ತಕದಲ್ಲಿ ‘ವಿಲ್ ನಾಟ್‌ನ ಸಂಕ್ಷಿಪ್ತ ರೂಪ’ ಎಂದಷ್ಟೇ ಉಳಿದುಕೊಳ್ಳುತ್ತದೆ.

ಇದಕ್ಕೆಲ್ಲ ಹೊಸ ಪಠ್ಯಪುಸ್ತಕ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ. ಹಲಗೆಯ ಮೇಲೆ ಈಗ ಎರಡು ಸಾಲು ಇವೆ: ಇಂಗ್ಲಿಷ್, ಪುಸ್ತಕದ ಕನ್ನಡ. ಮೂರನೆಯ ಗೆರೆ ಎಳೆದು ‘ಮನಿ ಮಾತು’ ಎಂದು ತಲೆಬರಹ ಕೊಟ್ಟರೆ ಆಯಿತು. ಪುಸ್ತಕದ ಕನ್ನಡ ಬೇಡ ಎಂದು ಯಾರೂ ಹೇಳುತ್ತಿಲ್ಲ. ಪರೀಕ್ಷೆ ಬರೆಯುವುದು, ಅರ್ಜಿ ಬರೆಯುವುದು, ಪತ್ರಿಕೆ ಓದುವುದು ಅದರಲ್ಲೇ. ಮೂರನೆಯ ಸಾಲು ತರಗತಿಯಲ್ಲಿ ಶಿಸ್ತು ಕೆಡಿಸುತ್ತದೆ, ಮಕ್ಕಳು ನಗುತ್ತಾರೆ ಎಂಬ ಆಕ್ಷೇಪ ಬರಬಹುದು. ನಗಲಿ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ನಮಗೆ ಆ ಮಾತೇ ಬಾರದು ಎಂಬುದು ಇನ್ನೊಂದು ಆಕ್ಷೇಪ, ಇದರಲ್ಲಿ ನ್ಯಾಯವಿದೆ. ಅಂಥ ಮೇಷ್ಟ್ರು ಆ ಸಾಲನ್ನು ಖಾಲಿ ಬಿಟ್ಟು ಸೀಮೆಸುಣ್ಣವನ್ನು ಮಕ್ಕಳ ಕೈಗೆ ಕೊಟ್ಟರೆ ಸಾಕು. ಲಂಬಾಣಿ ತಾಂಡಾದಿಂದ ಬಂದವರು, ಮನೆಯಲ್ಲಿ ದಖನಿ ಆಡುವವರು ತಮ್ಮದನ್ನೂ ಬರೆಯಲಿ. ಆ ಭಾಷೆಗಳಲ್ಲೂ ‘ಈಗ ಮಾಡ್ಲಿಕತ್ತೀನಿ’ಗೆ ಒಂದು ರೂಪ ಇದ್ದೇ ಇದೆ.